ಖರಾಬ್ ಅಂತ ಬರೆದು ಬರೆದು ಸಾಕಾಗಿದೆ: ನಮ್ಮ ಪಂಚಾಯಿತಿಗಳಿಗೆ ಒಬ್ಬ ಸರ್ವೇಯರನ ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಸದಸ್ಯರೇ, ಪಿಡಿಓ ಸಾಹೇಬರೇ, ಮೇಲೆ ಕೂತು ಸಹಿ ಹಾಕುವ ಅಧಿಕಾರಿಗಳೇ,

ನಮಸ್ಕಾರ.

ನಾನು ಸೇಡಂ ಕಡೆಯ ಲೈಸನ್ಸ್ ಸರ್ವೇಯರ್. ಹೊಲ ಪಾಲು ಮಾಡುವ ಪೋಡಿ, ಹೊಲದ ಒಂದು ಭಾಗ ಮಾರುವಾಗ ಹಂಚುವಾಗ ಬೇಕಾಗುವ 11ಇ ನಕ್ಷೆ, ಗಡಿ ಗುರುತಿಸುವ ಹದ್ದುಬಸ್ತು, ಇದೇ ನನ್ನ ಹೊಟ್ಟೆಪಾಡು. ಅಣ್ಣತಮ್ಮಂದಿರು ಜಗಳಾಡಿ ಹೊಲ ಹಂಚಿಕೊಳ್ಳುವಾಗ ಇಬ್ಬರ ನಡುವೆ ಟೇಪು ಹಿಡಿದು ನಿಲ್ಲುವವನು ನಾನೇ. ಅಣ್ಣನ ಮನೆಯಲ್ಲಿ ಚಹಾ ಕುಡಿದರೆ ತಮ್ಮನಿಗೆ ಸಿಟ್ಟು, ಅದಕ್ಕೇ ಇಬ್ಬರ ಮನೆಯಲ್ಲೂ ಕುಡಿದು ಕುಡಿದು ಅಸಿಡಿಟಿ ಆಗಿದೆ. ಇರಲಿ. ಇವತ್ತು ಬರೆಯುತ್ತಿರುವುದು ನನ್ನ ಕೆಲಸದಲ್ಲಿ ದಿನಾ ಬರೆಯುವ ಒಂದು ಪದದ ಬಗ್ಗೆ. ಖರಾಬ್.

ನಮ್ಮ ಕಡೆ ಈ ಪದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಲು ಒಡೆದರೆ ಖರಾಬ್, ಮೋಟಾರು ಸುಟ್ಟರೆ ಖರಾಬ್, ತಬಿಯತ್ ಖರಾಬ್, ಮಾತು ಕೇಳದ ಮಗನೂ ಖರಾಬ್. ಹಾಗೇ ಪಹಣಿ ತೆಗೆದು ನೋಡಿ. ಒಟ್ಟು ವಿಸ್ತೀರ್ಣ ಇಷ್ಟು, ಅದರಲ್ಲಿ ಫೂಟ್ ಖರಾಬ್ 'ಎ' ಇಷ್ಟು, 'ಬಿ' ಇಷ್ಟು, ಉಳಿದದ್ದು ಇಷ್ಟು. ಉಳಿದದ್ದಕ್ಕೆ ಕಂದಾಯ. ಖರಾಬಿಗೆ ಕಂದಾಯ ಇಲ್ಲ. 1966ರ ಭೂ ಕಂದಾಯ ನಿಯಮಗಳಲ್ಲಿ 21ನೇ ನಿಯಮ ಇದೆಯಲ್ಲ, ಅಲ್ಲಿ ಇದರ ಅರ್ಥ ಕೊಟ್ಟಿದ್ದಾರೆ. ಸರ್ವೆ ಆದಾಗ ಬೇಸಾಯಕ್ಕೆ ಬಾರದ ಜಾಗ, ಹೊಲದವನದೇ ಕಣ, ಕೊಟ್ಟಿಗೆ, ಇವು 'ಎ'. ದಾರಿ, ಸ್ಮಶಾನ, ಊರಿನ ಕುಂಬಾರಿಕೆಗೆ ಬಿಟ್ಟ ಜಾಗ, ಹೊಲದ ಮಾಲೀಕನನ್ನು ಬಿಟ್ಟು ಬೇರೆ ಜನ ಕುಡಿಯಲಿಕ್ಕೋ ನೀರಾವರಿಗೋ ಬಳಸುವ ಕೆರೆ ಹಳ್ಳ, ಇವು 'ಬಿ'.

ಇದನ್ನು ಇನ್ನೊಮ್ಮೆ ಓದಿ ದಯವಿಟ್ಟು. ನಾಲ್ಕು ಜನ ಕುಡಿಯುವ ನೀರು ಅನ್ನುವ ಕಾರಣಕ್ಕೇ ಆ ಹಳ್ಳ ಖರಾಬ್. ಒಬ್ಬನ ಸ್ವತ್ತಾಗಿದ್ದರೆ ಅದಕ್ಕೊಂದು ಆಕಾರ (ಅಂದರೆ ಕಂದಾಯ), ಒಂದು ಬೆಲೆ. ಊರಿಗೆಲ್ಲ ಸೇರಿದ್ದು ಅಂದ ಕೂಡಲೇ ಖರಾಬ್! ಅಂದಿನ ಸರ್ಕಾರಕ್ಕೆ ಕಂದಾಯದ ಲೆಕ್ಕ ಬೇಕಿತ್ತು, ಹಾಗಾಗಿ ಕಂದಾಯ ಬಾರದ್ದನ್ನು ಪಕ್ಕಕ್ಕಿಟ್ಟರು. ಅದು ಅವರ ಲೆಕ್ಕ. ಆದರೆ ಆ ಪದ ನಮ್ಮ ತಲೆಯಲ್ಲೂ ಕೂತುಬಿಟ್ಟಿದೆ. ಏನಾದರೂ ಕಟ್ಟಬೇಕು ಅಂದಾಗ ಎಲ್ಲರ ಬೆರಳೂ ಮೊದಲು ಹೋಗುವುದು ಅಲ್ಲಿಗೇ. "ಅದು ಹ್ಯಾಂಗೂ ಖರಾಬ್ ಐತಲ್ಲ ಬಿಡ್ರಿ."

ಎರಡು ವರ್ಷದ ಹಿಂದಿನ ಮಾತು. ಏಪ್ರಿಲ್ ಕೊನೆ. ಒಂದು ಹದ್ದುಬಸ್ತು ಕೆಲಸಕ್ಕೆ ಹೋಗಿದ್ದೆ, ಊರ ಹೆಸರು ಬೇಡ. ಹೊಲದ ಪಕ್ಕ ಹಳ್ಳ, ಟಿಪ್ಪಣಿಯಲ್ಲಿ (ಸರ್ವೆಯ ಅಳತೆ ನಕ್ಷೆ) 'ಬಿ' ಖರಾಬ್ 14 ಗುಂಟೆ. ಬಿಸಿಲಿಗೆ ನಮ್ಮ ಎರೆ ಭೂಮಿ ಹೇಗೆ ಬಿರುಕು ಬಿಡುತ್ತೆ ಗೊತ್ತಲ್ಲ, ಕಾಲು ಇಟ್ಟರೆ ಪಾದ ಒಳಗೆ ಹೋಗುವಷ್ಟು. ಹಳ್ಳದಲ್ಲಿ ಒಂದು ಹನಿ ನೀರಿಲ್ಲ, ಬರೀ ಮರಳು, ಅಲ್ಲಲ್ಲಿ ಜಾಲಿ. ಚೈನ್ ಹಿಡಿಯುವ ಹುಡುಗನಿಗೆ ಹೇಳಿ ಹಳ್ಳದ ದಂಡೆ ಗುರುತು ಮಾಡಿಸ್ತಾ ಇದ್ದೆ. ಕೆಳಗೆ ಮರಳಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಎದುರಿಗೆ ಒಂದು ಮೊಳ ಆಳದ ಗುಂಡಿ, ಸುತ್ತ ಫರಸಿ ಕಲ್ಲಿನ ಚೂರು ನಿಲ್ಲಿಸಿ ಮರಳು ಕುಸಿಯದ ಹಾಗೆ ಮಾಡಿದ್ದಳು. ವರತಿ. ತಳದಲ್ಲಿ ಬೊಗಸೆಯಷ್ಟು ನೀರು. ಆಕೆ ತೆಂಗಿನ ಚಿಪ್ಪಿನಿಂದ ಅದನ್ನು ಮೊಗೆದು, ಸೆರಗಿನ ಅಂಚಿನಿಂದ ಸೋಸಿ ಕೊಡಕ್ಕೆ ಹಾಕುತ್ತಾಳೆ, ಆಮೇಲೆ ಸುಮ್ನೆ ಕೂಡುತ್ತಾಳೆ. ನೀರು ಮತ್ತೆ ಊರುತ್ತದೆ. ಮತ್ತೆ ಚಿಪ್ಪು. ನನಗೆ ಕೆಲಸದ ಚಟ, ಗಡಿಯಾರ ನೋಡಿದೆ. ಒಂದು ಕೊಡಕ್ಕೆ 22 ನಿಮಿಷ.

"ಆಯಿ, ಊರಾಗ ನಳ ಇಲ್ಲೇನ?" ಅಂತ ಕೇಳಿದೆ.

"ಅದ ತಮ್ಮಾ. ಅದರ ನೀರು ಸವುಳು, ಬ್ಯಾಳಿ ಬೇಯಂಗಿಲ್ಲ."

ತೊಗರಿ ನಾಡಿನಲ್ಲಿ ಇದಕ್ಕಿಂತ ದೊಡ್ಡ ದೂರು ಇದೆಯಾ ಹೇಳಿ! ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು ಸಿಕ್ಕಿತು, ನಾವೆಲ್ಲ ಖುಷಿಪಟ್ಟೆವು. ಆ ಬೇಳೆ ಬೇಯಿಸುವ ನೀರು ಎಲ್ಲಿಂದ ಬರುತ್ತದೆ ಅಂತ ಯಾವ ಕಾಗದದಲ್ಲೂ ಇಲ್ಲ. ಆಕೆ ಹೇಳಿದಳು, ಇದು ಮೂರು ತಲೆಮಾರಿನ ವರತಿ, ಶಿವರಾತ್ರಿಯಿಂದ ಮಿರಗದ ಮಳೆ ಬೀಳುವವರೆಗೆ ಒಂಬತ್ತು ಮನೆಯವರು ಇಲ್ಲೇ ಬರುತ್ತಾರೆ, ಸರದಿ ಇದೆ, ಬೆಳಗಿನ ಹೊತ್ತು ಮನುಷ್ಯರಿಗೆ, ಸಂಜೆ ಕುರಿಗೆ. ಅಲ್ಲಿ ಎರಡು ಹೆಜ್ಜೆ ಮೇಲೆ ಒಂದು ಕರಿಜಾಲಿ ಇದೆಯಲ್ಲ, ಅದನ್ನು ಕಡಿಯಬಾರದು ಅಂತ ಅವರವರಲ್ಲೇ ಮಾತಾಗಿದೆಯಂತೆ, ಕಡಿದರೆ ದಂಡೆ ಕುಸಿದು ವರತಿ ಮುಚ್ಚುತ್ತದೆ ಅಂತ. ಸರದಿ, ನಿಯಮ, ಋತು ಎಲ್ಲ ಇದೆ. ನನ್ನ ಟಿಪ್ಪಣಿಯಲ್ಲಿ ಇರುವುದು ಎರಡು ಗೆರೆ ಮತ್ತು 0-14.

ನಾನು ಏನು ಮಾಡಿದೆ ಅಂತೀರಿ? 0-14 ಅಂತ ಬರೆದು ಬಂದೆ. ಬೇರೆ ಬರೆಯಲಿಕ್ಕೆ ಕಾಲಂ ಇಲ್ಲ.

ಈ ಪತ್ರ ಆ ಕಾಲಂ ಕೇಳುವುದಕ್ಕೆ. ಪ್ರತಿ ಊರಿಗೂ ಇನ್ನೊಂದು ನಕ್ಷೆ ಬೇಕು. ಈಗಿರುವ ಗ್ರಾಮ ನಕ್ಷೆ ಯಾವ ಜಾಗ ಯಾರದ್ದು ಅಂತ ಹೇಳುತ್ತದೆ. ಯಾವ ಜಾಗ ಯಾರಿಗೆ ಏನು ಕೊಡುತ್ತದೆ, ಯಾವ ತಿಂಗಳಲ್ಲಿ ಕೊಡುತ್ತದೆ, ಅದು ಕೊಡಬೇಕಾದರೆ ಇನ್ನೆಲ್ಲಿ ಏನು ಉಳಿಯಬೇಕು, ಇದನ್ನು ಹೇಳುವ ನಕ್ಷೆ ನಮ್ಮಲ್ಲಿಲ್ಲ. ನೀವು ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಆಗುವ ಕೆಲಸ.

ನೀವು ಹೇಳಬಹುದು, ಅದಕ್ಕೊಂದು ರಿಜಿಸ್ಟರ್ ಇದೆಯಲ್ಲ ಅಂತ. ಇದೆ ಸ್ವಾಮಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. 2004ರ ನಿಯಮಗಳಲ್ಲಿ ಸಮಿತಿಯ ಮೂರನೇ ಒಂದು ಭಾಗ ಹೆಂಗಸರೇ ಇರಬೇಕು ಅಂತಲೂ ಇತ್ತು. ಎಷ್ಟೋ ವರ್ಷ ಯಾರೂ ಬರೆಯಲಿಲ್ಲ. ಆಮೇಲೆ 2019ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ಕೋಲು ಎತ್ತಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ. ಇಡೀ ಊರಿನ ಬದುಕನ್ನು ಆರು ತಿಂಗಳೂ ಇಲ್ಲದ ಸಮಯದಲ್ಲಿ ಬರೆಯಿರಿ ಅಂದರೆ ಏನಾಗುತ್ತೆ? ಪರೀಕ್ಷೆಯ ಹಿಂದಿನ ರಾತ್ರಿ ಏನಾಗುತ್ತೋ ಅದೇ ಆಗುತ್ತೆ.

ಒಂದು ಪಂಚಾಯಿತಿಯಲ್ಲಿ (ಯಾವುದು ಅಂತ ಕೇಳಬೇಡಿ, ನಾಳೆ ನಾನು ಅಲ್ಲಿಗೇ ಕೆಲಸಕ್ಕೆ ಹೋಗಬೇಕು) ಆ ದಾಖಲಾತಿ ತೋರಿಸಿ ಅಂದೆ. ಅಲಮಾರಿಯ ಮೇಲಿಂದ ಇಳಿಸಿದರು, ಧೂಳು ಹೊಡೆದರು. ನೋಡಲು ಚಂದ ಇದೆ, ಬಣ್ಣದ ರಟ್ಟು, ಸುರುಳಿ ಬೈಂಡಿಂಗ್. ಪುಟ ತಿರುಗಿಸಿದೆ. ನಮ್ಮ ಊರಿನ ಮರಗಳು: ಹಲಸು, ಕಾಳುಮೆಣಸಿನ ಬಳ್ಳಿ, ಅಡಿಕೆ. ಮೇ ತಿಂಗಳಲ್ಲಿ ಹಲ್ಲಿ ಕೂಡ ನೆರಳು ಹುಡುಕುವ ನಮ್ಮೂರಲ್ಲಿ ಅಡಿಕೆ! ಮಲೆನಾಡಿನ ಯಾವುದೋ ಊರಿನ ಪುಟ ಬಂದು ಇಲ್ಲಿ ಅಂಟಿಕೊಂಡಿದೆ. ನಮ್ಮ ತಂಗಡಿ ಎಲ್ಲಿ, ಬಾರಿ ಹಣ್ಣು ಎಲ್ಲಿ, ಗುಡ್ಡದ ಸೀತಾಫಲ ಎಲ್ಲಿ, ಪತ್ರಾವಳಿಗೆ ಎಲೆ ಕೊಡುವ ಮುತ್ತುಗ ಎಲ್ಲಿ ಅಂತ ಹುಡುಕಿದೆ, ಇಲ್ಲ. ಅಲ್ಲಿದ್ದವರಿಗೂ ನಾಚಿಕೆಯಾಯಿತು, ನಕ್ಕರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಆಪರೇಟರ್, ಕರೆಂಟ್ ಇಲ್ಲ, ಮೇಲಿಂದ ಫೋನ್ ಮೇಲೆ ಫೋನ್.

ಎಲ್ಲ ಪಂಚಾಯಿತಿಯದೂ ಹೀಗೇ ಇದೆ ಅಂತ ನನ್ನ ಮಾತಲ್ಲ. ನಿಮ್ಮದು ಚೆನ್ನಾಗಿದ್ದರೆ ಒಳ್ಳೆಯದೇ, ಅದರ ಮೇಲೇ ನಕ್ಷೆ ಕಟ್ಟಿ. ಆದರೆ ಇಳಿಸಿ ನೋಡಿ ಒಮ್ಮೆ. ಹಾಗೂ ಗಮನಿಸಿ, ಅದು ಒಳ್ಳೆಯದಿದ್ದರೂ ಪಟ್ಟಿ ಮಾತ್ರ. ಬೇವು ಇದೆ ಅಂತ ಬರೆದಿರುತ್ತಾರೆ. ಎಲ್ಲಿದೆ? ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ನಲವತ್ತು ಜನ ನಿಲ್ಲುವ ಆ ಬೇವೋ, ಯಾರೂ ಹೋಗದ ಮೂಲೆಯ ಬೇವೋ? ರಸ್ತೆ ಅಗಲ ಮಾಡುವಾಗ ಈ ವ್ಯತ್ಯಾಸ ಗೊತ್ತಿರಬೇಕು ಅಲ್ವಾ.

ಉಪಗ್ರಹದ ಚಿತ್ರ ಇದೆಯಲ್ಲ, ಮತ್ತೆ ಈ ನಡಿಗೆ ಎಲ್ಲ ಯಾಕೆ ಅನ್ನುವವರೂ ಇದ್ದಾರೆ. ನಾನು ತಂತ್ರಜ್ಞಾನದ ವಿರೋಧಿ ಅಲ್ಲ, ದಿಶಾಂಕ್ ಆ್ಯಪ್ ಬಂದ ಮೇಲೆ ನಿಂತಲ್ಲೇ ಸರ್ವೆ ನಂಬರ್ ಸಿಗುತ್ತದೆ, ಅರ್ಧ ಕೆಲಸ ಹಗುರಾಗಿದೆ. ಆದರೆ ಮೇಲಿಂದ ನೋಡಿದರೆ ನಮ್ಮ ಗುಡ್ಡಗಳು ಹೇಗೆ ಕಾಣುತ್ತವೆ? ಕಂದು ಬಣ್ಣ, ಕಲ್ಲು, ಅಲ್ಲೊಂದು ಇಲ್ಲೊಂದು ಕಂಟಿ. ದೇಶದ ಬಂಜರು ಭೂಮಿಯ ಅಟ್ಲಾಸ್ ಇದೆ, ಅದರಲ್ಲಿ ಕುರುಚಲು ಇರುವ ಜಾಗ ಬಂಜರಿನ ಲೆಕ್ಕಕ್ಕೇ ಹೋಗುತ್ತದೆ. ಅದೇ ಜಾಗದಲ್ಲಿ ಚಿಗರಿ ಓಡುತ್ತದೆ, ತೋಳ ಮರಿ ಹಾಕುತ್ತದೆ, ಕುರಿ ಮೇಯುತ್ತದೆ, ಚಳಿಗಾಲದ ಮುಂಚೆ ಹೆಣ್ಣುಮಕ್ಕಳು ಬುಟ್ಟಿ ತುಂಬ ಸೀತಾಫಲ ತಂದು ರಸ್ತೆ ಪಕ್ಕ ಮಾರುತ್ತಾರೆ. ಪಹಣಿಯಲ್ಲಿ ಖರಾಬ್, ಅಟ್ಲಾಸಿನಲ್ಲಿ ಬಂಜರು. ಸೋಲಾರ್ ಪ್ಲೇಟು ಹಾಕುವವರು ಜಾಗ ಹುಡುಕುವುದು ಈ ಎರಡು ಕಾಗದ ಹಿಡಿದು. ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ, ಕಲಬುರಗಿಯ ಬಿಸಿಲು ಯಾವುದಕ್ಕಾದರೂ ಉಪಯೋಗಕ್ಕೆ ಬರಲಿ ಪಾಪ. ಜಾಗ ಖಾಲಿ ಇದೆಯಾ ಅಂತ ಕೇಳುವಾಗ ಕುರಿಯವನನ್ನೂ ಕೇಳಿ, ಅಷ್ಟೇ.

ಕುರಿಯ ಮಾತು ಬಂತು, ಗಾಯರಾಣದ್ದೂ (ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗ) ಹೇಳಿಬಿಡುತ್ತೇನೆ. ನೂರು ದನಕ್ಕೆ 12 ಹೆಕ್ಟೇರ್ ಮೇವಿನ ಜಾಗ ಇರಬೇಕು ಅಂತ ನಮ್ಮ ಭೂ ಕಂದಾಯ ನಿಯಮದಲ್ಲೇ ಇದೆ, 97ನೇ ನಿಯಮ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾರ್ವಜನಿಕ ಜಾಗಗಳ ಒತ್ತುವರಿ ತೆರವು ಮಾಡಿ ಊರಿಗೇ ಮರಳಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಒಳ್ಳೆಯದೇ. ಆದರೆ ನಿಮಗೂ ಗೊತ್ತು, ನನಗೂ ಗೊತ್ತು, ಗಾಯರಾಣದಲ್ಲಿ ಎರಡು ಎಕರೆ ಉಳುತ್ತಿರುವ ಬಡವನೂ ಇದ್ದಾನೆ, ಉಳುತ್ತಿರುವ ಸರ್ಕಾರಿ ಜಾಗ ಸಕ್ರಮ ಮಾಡಿ ಅಂತ ಹಾಕಿದ ಬಗರ್ ಹುಕುಂ ಅರ್ಜಿಯ ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡವನು. ಇಪ್ಪತ್ತು ಎಕರೆಗೆ ತಂತಿ ಬೇಲಿ ಹಾಕಿದ ದೊಡ್ಡವನೂ ಇದ್ದಾನೆ. ಈ ನಕ್ಷೆ ಹಿಡಿದು ಮೊದಲನೆಯವನನ್ನು ಎಬ್ಬಿಸಿ ಎರಡನೆಯವನಿಗೆ ಕೈ ಮುಗಿದು ಬರುವುದಾದರೆ ದಯವಿಟ್ಟು ಮಾಡಲೇಬೇಡಿ.

ಈಗ ಬೀದರಿಗೆ ಹೋಗೋಣ. ನನ್ನ ಹೆಂಡತಿಯ ತವರು ಅಲ್ಲೇ, ಹೋದಾಗೆಲ್ಲ ಒಂದು ಸುತ್ತು ಹಾಕುತ್ತೇನೆ.

ಬೀದರ್ ನಿಂತಿರುವುದು ಕೆಂಪು ಕಲ್ಲಿನ ಮೇಲೆ. ತೂತು ತೂತಾದ ಕಲ್ಲು, ಸ್ಪಂಜಿನ ಹಾಗೆ ಮಳೆ ನೀರು ಕುಡಿಯುತ್ತದೆ. ಅದರ ಕೆಳಗೆ ಕರಿಕಲ್ಲು, ಅದು ನೀರನ್ನು ಸುಲಭಕ್ಕೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ಇಳಿದ ನೀರು ಎರಡು ಕಲ್ಲಿನ ನಡುವೆ ಜಾರಿಕೊಂಡು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನಾನಕ್ ಝೀರಾದ ನೀರು, ಪಾಪನಾಶದ ನೀರು, ಸೊಂಟದ ಮೇಲೆ ನೀರಿನಲ್ಲಿ ನಡೆದು ದೇವರನ್ನು ನೋಡುವ ನರಸಿಂಹ ಝರಣಿಯ ನೀರು, ಎಲ್ಲ ಈ ಕೆಂಪು ಕಲ್ಲು ಕುಡಿದದ್ದೇ. ಗುರುದ್ವಾರಕ್ಕೂ ಗುಡಿಗೂ ಒಂದೇ ಕಲ್ಲು ನೀರು ಕೊಡುತ್ತದೆ ನೋಡಿ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಇದನ್ನು ಅರ್ಥ ಮಾಡಿಕೊಂಡೇ ಪರ್ಷಿಯಾದ ಪದ್ಧತಿಯಲ್ಲಿ ನೆಲದಡಿ ಸುರಂಗ ಕೊರೆದರು. ನೌಬಾದಿನ ಕರೇಜ್ ಅದೇ. ಒಂದು ಕಡೆ ತಾಯಿ ಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ಸುರಂಗ, ನಡುನಡುವೆ ಗಾಳಿ ಬೆಳಕಿಗೆ, ನೀರು ಸೇದಲಿಕ್ಕೆ ಬಾವಿಗಳು, ಇಪ್ಪತ್ತಕ್ಕೂ ಜಾಸ್ತಿ. ಪಂಪ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರಿನಲ್ಲಿ ನೀರು ತಾನೇ ಹರಿಯಬೇಕು. ನಾನು ದಿನಾ ಲೆವೆಲ್ ನೋಡುವವನು, ಇಳಿಜಾರು ಚೂರು ತಪ್ಪಿದರೂ ಆ ಕೆಲಸ ಕೆಡುತ್ತದೆ ಅಂತ ನನಗೆ ಗೊತ್ತು. ಯಾವ ಯಂತ್ರ ಇತ್ತು ಅವರ ಹತ್ತಿರ?

ಇಷ್ಟು ದೊಡ್ಡ ವ್ಯವಸ್ಥೆ ಹೇಗೆ ಮರೆತುಹೋಯಿತು? ನಾವು ದಿನಾ ಬಳಸುವ ನಕ್ಷೆಯಲ್ಲಿ ಇರಲಿಲ್ಲ, ಅದಕ್ಕೂ ಇರಬಹುದು. ಬಾವಿಗಳಲ್ಲಿ ಮಣ್ಣು, ಕಸ ತುಂಬಿತು, ಸುರಂಗದ ಮೇಲೆ ಮನೆ, ರಸ್ತೆ ಬಂದವು. ಕೇರಳದಲ್ಲಿ ಭೂಗೋಳ ಪಾಠ ಮಾಡುವ ಗೋವಿಂದನ್‌ಕುಟ್ಟಿ ಮೇಷ್ಟ್ರು ಬಂದು ಒಂದೊಂದೇ ಬಾವಿ ಗುರುತಿಸಿ ನಕ್ಷೆ ಮಾಡಿದ ಮೇಲೆ ನಮ್ಮವರಿಗೆ ಹುರುಪು ಬಂತು, ಹೂಳು ತೆಗೆದರು. ನಮ್ಮೂರಿನ ಬಾವಿ ಹುಡುಕಲು ಕೇರಳದವರು ಬರಬೇಕಾಯಿತು ಅಂತ ನನಗೆ ಸ್ವಲ್ಪ ಬೇಜಾರೂ ಇದೆ, ಸರ್ವೇಯರ್ ಆಗಿ.

ಇದರಲ್ಲಿ ಪಂಚಾಯಿತಿಯವರು ಗಮನಿಸಬೇಕಾದ್ದು ಒಂದಿದೆ. ಝರಿ ಬರುವ ಜಾಗಕ್ಕೆ ಬೇಲಿ ಹಾಕಿ, ಟೈಲ್ಸ್ ಹಾಕಿ, ಬೋರ್ಡು ಹಾಕಿದರೆ ಝರಿ ಉಳಿಯುವುದಿಲ್ಲ. ನೀರು ಇಳಿಯುವುದು ಮೇಲೆ, ದಿಬ್ಬದ ತಲೆಯ ಮೇಲೆ, ಎಲ್ಲಿ ನಾವು ಸೈಟು ಮಾಡಿ ಕಾಂಕ್ರೀಟು ಹಾಸುತ್ತಿದ್ದೇವೋ ಅಲ್ಲಿ. ಲಾಭ ಸಿಗುವ ಜಾಗ ಒಂದು, ಅದರ ಬೇರು ಇರುವ ಜಾಗ ಇನ್ನೊಂದು. ಎರಡೂ ನಕ್ಷೆಯಲ್ಲಿ ಇರಬೇಕು, ನಡುವೆ ಒಂದು ಗೆರೆ ಎಳೆದಿರಬೇಕು. ನಮ್ಮ ಆಯಿಯ ವರತಿಗೂ ಇದೇ ಮಾತು. ಅದರ ಬೇರು ಮೇಲಿನ ಗುಡ್ಡದಲ್ಲಿದೆ, ಅದು ಬೇರೆ ಪಂಚಾಯಿತಿಗೆ ಸೇರಿದ್ದು! ರಸ್ತೆಗೆ ಹಾಕುವ ಮುರುಮ್ ಮಣ್ಣು ತೆಗೆಯಲು ಆ ಗುಡ್ಡವನ್ನು ಯಾರಾದರೂ ಕೇಳಿದರೆ ಆ ಪಂಚಾಯಿತಿಯವರಿಗೆ ಕೆಳಗಿನ ಒಂಬತ್ತು ಮನೆ ನೆನಪಾಗುವುದು ಹೇಗೆ?

ಬೀದರಿನದೇ ಇನ್ನೊಂದು ಹೇಳದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ. ಬಿದ್ರಿ ಕಲೆ. ಸತು ತಾಮ್ರ ಬೆರೆಸಿದ ಲೋಹ, ಬೆಳ್ಳಿ ತಂತಿಯ ಕುಸುರಿ. ಕೊನೆಗೆ ಆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಹಳೇ ಮಣ್ಣಿನಿಂದ. ಮಳೆ ಬಿಸಿಲು ಬೀಳದ ಜಾಗದ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ಕುದಿಸಿ ಸಾಮಾನನ್ನು ಅದರಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಒಳ್ಳೆಯದೋ ಅಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಒಂದು ಮುಷ್ಟಿ ಮಣ್ಣು, ಅದರ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ನಿಸರ್ಗದ ಉಪಕಾರ ಅಂದ ಕೂಡಲೇ ಕಾಡು, ಹುಲಿ, ಜಲಪಾತ ಅಂತ ಯೋಚಿಸುತ್ತೇವೆ, ನಮ್ಮ ಬಯಲುಸೀಮೆಯಲ್ಲಿ ಏನಿದೆ ಅಂತ ಕೈ ಚೆಲ್ಲುತ್ತೇವೆ.

ಹಾಗಂತ ಕಾಡು ಇಲ್ಲವೇ ಇಲ್ಲ ಅಂತಲ್ಲ. ಚಿಂಚೋಳಿಯಲ್ಲಿ 2011ರಲ್ಲಿ ವನ್ಯಜೀವಿಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್, ಚಂದ್ರಂಪಳ್ಳಿ ಕೆರೆಯ ನೀರಿಗೆ ಆ ಕಾಡೇ ಆಧಾರ. ಸುರಪುರದ ಕಡೆ ಬೋನಾಳ ಕೆರೆ ಇದೆ, ಅಲ್ಲಿನ ನಾಯಕ ಅರಸರು ಕಟ್ಟಿಸಿದ್ದು, ಬ್ರಿಟಿಷರ ಕಾಲದಲ್ಲಿ ಮೆಡೋಸ್ ಟೇಲರ್ ಅನ್ನುವ ಅಧಿಕಾರಿ ಸುಧಾರಿಸಿದ್ದು, ಈಗ ಹಕ್ಕಿಗಳ ಊರು. ಇವಕ್ಕೆಲ್ಲ ಬೋರ್ಡು ಇದೆ, ಇಲಾಖೆ ಇದೆ. ನನ್ನ ಚಿಂತೆ ಬೋರ್ಡಿಲ್ಲದ 14 ಗುಂಟೆಯದ್ದು.

ಇನ್ನು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಒಂದು ಪಟ್ಟಣದ ಅಂಚಿನಲ್ಲಿ ಲೇಔಟ್ ಆಯಿತು. ಅಳತೆ ನನ್ನದು. ನಡುವೆ ಸಣ್ಣ ಹಳ್ಳ, 'ಬಿ' ಖರಾಬ್. ಬೇಸಿಗೆಯಲ್ಲಿ ನೋಡಿದರೆ ಬಂಡಿ ದಾರಿಯ ಹಾಗೆ. ಅಲ್ಲಿ ಕುರಿ ಕಾಯುವ ಒಬ್ಬ ಕಾಕಾ ನನ್ನನ್ನು ಕರೆದು, ಒಂದು ಬೇವಿನ ಮರದ ಬೊಡ್ಡೆ ತೋರಿಸಿದ, ನೆಲದಿಂದ ಎದೆಯೆತ್ತರಕ್ಕೆ. "ಸಾಹೇಬ್ರ, ದೊಡ್ಡ ಮಳಿ ಬಂದ್ರ ನೀರು ಇಲ್ಲೀತನ ಬರ್ತದ." ನಾನು ಹೂಂ ಅಂದೆ. ಬರೆಯಲು ಕಾಲಂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಹಳ್ಳವನ್ನು ನೆಟ್ಟಗೆ ಮಾಡಿ ಪೈಪಿನೊಳಗೆ ತುರುಕಿದರು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ನಿಮಗೆಲ್ಲ ನೆನಪಿದೆ, ಅದೇ ಮಳೆಯಲ್ಲಿ ಈ ಹಳ್ಳವೂ ತನ್ನ ಹಳೇ ದಾರಿ ಹುಡುಕಿಕೊಂಡು ಬಂತು. ಮನೆಗಳ ಕಿಟಕಿಯವರೆಗೆ ನೀರು. ಅಡುಗೆಮನೆಯ ಡಬ್ಬಿಗಳು ತೇಲಿದವು. ಆಮೇಲೆ ಹೋಗಿ ನೋಡಿದೆ, ಗೋಡೆಯ ಮೇಲೆ ಕೆಸರಿನ ಗೆರೆ ಸರಿಯಾಗಿ ಕಾಕಾ ಕೈ ಇಟ್ಟ ಎತ್ತರಕ್ಕೇ ಇತ್ತು. ನನ್ನ ಅಳತೆಯಲ್ಲಿ ಒಂದು ಲಿಂಕ್ (ಚೈನಿನ ಒಂದು ಕೊಂಡಿ) ಕೂಡ ತಪ್ಪಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಮಳೆ ಬಂದು ತೊಗರಿ ಕೊಳೆತಾಗಲೂ ನಾನು ಮೊದಲು ನೆನೆಸಿಕೊಂಡದ್ದು ಆ ಬೇವಿನ ಮರವನ್ನೇ. ಮರ ಈಗಿಲ್ಲ.

ಅದಕ್ಕೇ ಹೇಳುವುದು, ನೀರು ಎಲ್ಲಿವರೆಗೆ ಬರುತ್ತದೆ ಅನ್ನುವುದೂ ಈ ನಕ್ಷೆಯಲ್ಲಿ ಬರಬೇಕು. ಹಳ್ಳದ ದಂಡೆಯ ಹುಲ್ಲು, ಕಂಟಿ, ತಗ್ಗಿನ ಕೆರೆ, ಇವೆಲ್ಲ ಆ ನೀರನ್ನು ಸ್ವಲ್ಪ ಹೊತ್ತು ತಡೆದು ಬಿಡುವ ಕೆಲಸ ಮಾಡುತ್ತವೆ, ಸಂಬಳ ಕೇಳದೆ. 2005ರಲ್ಲಿ ವಿಶ್ವಸಂಸ್ಥೆಯ ಮುಂದಾಳತ್ವದಲ್ಲಿ ಆದ ದೊಡ್ಡ ಅಧ್ಯಯನವೊಂದರಲ್ಲಿ ಇಂಥ ಉಪಕಾರಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿದ್ದಾರೆ. ನೇರವಾಗಿ ಕೈಗೆ ಸಿಗುವ ನೀರು, ಮೇವು, ಕಟ್ಟಿಗೆ ಒಂದು. ನೆರೆ ತಡೆಯುವುದು, ತಂಪು ಮಾಡುವುದು ಇನ್ನೊಂದು. ಜಾತ್ರೆ, ಹಬ್ಬ, ಮನಸ್ಸಿನ ಸಮಾಧಾನ ಮತ್ತೊಂದು. ಇದೆಲ್ಲಕ್ಕೂ ಅಡಿಯಲ್ಲಿ ಮಣ್ಣು ಹುಟ್ಟುವಂಥ ಕೆಲಸ. ಇದನ್ನು ನಾವು ಬೇರೆ ಹೇಳಿಸಿಕೊಳ್ಳಬೇಕಿಲ್ಲ, ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ ಉಣ್ಣುವ ಜನ ನಾವು. ಆ ಭಜ್ಜಿಗೆ ಯಾವ್ಯಾವ ಸೊಪ್ಪು ಕಾಳು ಬೀಳುತ್ತದೆ, ಅದರಲ್ಲಿ ಎಷ್ಟು ಈಗ ಹೊಲದಲ್ಲಿ ಸಿಗುತ್ತವೆ, ಎಷ್ಟು ಸಂತೆಯಿಂದ ತರುತ್ತೇವೆ ಅಂತ ನಿಮ್ಮ ಅವ್ವನನ್ನು ಕೇಳಿ. ಕಳೆನಾಶಕ ಹೊಡೆಯಲು ಶುರು ಮಾಡಿದ ಮೇಲೆ ಹೊಲದ ಬದುವಿನ ಪಲ್ಯ ಏನಾಯಿತು ಅಂತಲೂ ಕೇಳಿ.

ರೂಪಾಯಿ ಲೆಕ್ಕ ಹಾಕುವ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ವರತಿಯ ಬೆಲೆ ಎಷ್ಟು? ಕ್ಯಾನ್ ನೀರಿನ ದರಕ್ಕೆ ಗುಣಿಸಿದರೆ ಒಂದು ಅಂಕಿ ಬರುತ್ತದೆ, ನಾಳೆ ಒಬ್ಬ ಬಂದು ಅದರ ಎರಡರಷ್ಟು ಕೊಡುತ್ತೇನೆ, ಬಿಟ್ಟುಕೊಡಿ ಅಂತಾನೆ. ಬೆಲೆ ಬರೆಯುವ ಬದಲು ಎಷ್ಟು ಮನೆ, ಯಾವ ತಿಂಗಳು, ಇದು ಹೋದರೆ ಹತ್ತಿರದ ಇನ್ನೊಂದು ಎಷ್ಟು ದೂರ ಅಂತ ಬರೆಯೋಣ. ಪಂಚಾಯಿತಿ ಕಟ್ಟೆಯಲ್ಲಿ ಕೂತವರಿಗೆ ಅರ್ಥ ಆಗುವ ಭಾಷೆ ಅದೇ.

ಹೇಗೆ ಮಾಡುವುದು ಅಂದರೆ ದೊಡ್ಡ ವಿದ್ಯೆ ಏನಿಲ್ಲ. ಗ್ರಾಮ ನಕ್ಷೆಯ ದೊಡ್ಡ ನಕಲು ತೆಗೆಸಿ. ಎರಡು ಸಲ ಊರು ನಡೆಯಿರಿ, ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಮಳೆಗಾಲ ಮುಗಿದ ಮೇಲೆ, ಯಾಕೆಂದರೆ ಇವೆರಡೂ ನಮ್ಮ ಕಡೆ ಎರಡು ಬೇರೆ ಊರುಗಳು. ಜೊತೆಗೆ ಕರೆದುಕೊಂಡು ಹೋಗಬೇಕಾದವರು ಕುರಿಯವರು, ನೀರು ಹೊರುವ ಹೆಣ್ಣುಮಕ್ಕಳು, ಮೀನು ಹಿಡಿಯುವವರು, ಔಷಧಿ ಬೇರು ಗೊತ್ತಿರುವ ಅಜ್ಜ, ಕುಂಬಾರರು. ಹೈಸ್ಕೂಲಿನ ಮಕ್ಕಳು ಫೋನಿನಲ್ಲಿ ಜಾಗ ಗುರುತಿಸಲಿ, ಅವರಿಗೆ ಅದು ಆಟ. ಅಧ್ಯಕ್ಷರು ಬರಲೇಬೇಕು, ಅಧ್ಯಕ್ಷೆಯಾಗಿದ್ದರೆ ಅವರೇ ಬರಬೇಕು, ಅವರ ಯಜಮಾನರಲ್ಲ. ಜಗಳ ಬರುತ್ತದೆ, ಬರಲಿ, ಅದನ್ನೂ ಬರೆಯಿರಿ. ಬಳ್ಳಾರಿ ಜಾಲಿ ಉರುವಲು ಅಂತ ಒಬ್ಬಳು ಹೇಳುತ್ತಾಳೆ, ಅದು ಗಾಯರಾಣ ನುಂಗಿತು ಅಂತ ಕುರಿಯವನು ಹೇಳುತ್ತಾನೆ, ಇಬ್ಬರದೂ ನಿಜ. ಚಿಗರಿ ಚಂದ ಅಂತ ನಾನು ಹೇಳುತ್ತೇನೆ, ನನ್ನ ಕಡಲೆ ತಿಂದಿತು ಅಂತ ರೈತ ಬೈಯುತ್ತಾನೆ, ಅವನ ಮಾತೂ ನಕ್ಷೆಯ ಮೇಲೆ ಇರಲಿ. ಆಮೇಲೆ ಗ್ರಾಮಸಭೆಯಲ್ಲಿ ಎಲ್ಲರ ಎದುರು ಓದಿ, ಪಂಚಾಯಿತಿಯ ಗೋಡೆಗೆ ಬಣ್ಣದಲ್ಲಿ ಬರೆಸಿ.

ಎಲ್ಲವನ್ನೂ ಗೋಡೆಗೆ ಹಾಕಬೇಡಿ ಮಾತ್ರ. ಗಂಧದ ಮರ ಎಲ್ಲಿದೆ, ಚಿಪ್ಪುಹಂದಿಯ ಬಿಲ ಎಲ್ಲಿದೆ, ಅಜ್ಜನ ಔಷಧಿ ಬೇರು ಎಲ್ಲಿದೆ ಅಂತ ಬರೆದರೆ ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ. ಅದು ಅಲಮಾರಿಯೊಳಗೆ, ಬೀಗದಲ್ಲಿ ಇರಲಿ. ಮರಳಿನ ವಿಷಯದಲ್ಲೂ ಹುಷಾರು, ಕಾಗಿಣಾ ನದಿಯ ದಂಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ನಿಮ್ಮ ಹತ್ತಿರ ನನ್ನದು ಒಂದೇ ಬೇಡಿಕೆ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಎನ್‌ಎ ಆಗಲಿ, ಗಣಿಯಾಗಲಿ, ಸೋಲಾರ್ ಆಗಲಿ, ಲೇಔಟ್ ಆಗಲಿ, ಕಡತದಲ್ಲಿ ಈ ಎರಡನೇ ನಕ್ಷೆಯ ನಕಲು ಇರಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಇಲ್ಲ ಅಂತ ಹೇಳಿ ಅಂತ ನಾನು ಕೇಳುತ್ತಿಲ್ಲ. ಸಹಿ ಹಾಕುವ ಮೊದಲು ಒಂಬತ್ತು ಮನೆ ನಿಮ್ಮ ಕಣ್ಣಿಗೆ ಬಿದ್ದಿರಲಿ.

ಪಂಚಾಯಿತಿಯವರಿಗೆ: ನನ್ನ ತಾಲ್ಲೂಕಿನಲ್ಲಿ ಯಾವ ಊರು ಮೊದಲು ಕರೆಯುತ್ತದೋ ಅಲ್ಲಿಗೆ ಫೀಸಿಲ್ಲದೆ ಬರುತ್ತೇನೆ, ಟೇಪು, ಅಳತೆಯ ರೋವರ್ ಯಂತ್ರ, ಟಿಪ್ಪಣಿ ನಕಲು ನನ್ನದು. ಚಹಾ ಒಂದೇ ಮನೆಯಲ್ಲಿ ಕೊಡಿ ಸಾಕು. ಯಾರೂ ಕರೆಯದಿದ್ದರೆ ಆಯಿಯ ಹಳ್ಳದಿಂದಲೇ ಶುರು ಮಾಡುವುದು ಅಂತ ಹೋದ ವಾರ ಹೋಗಿ ಹೇಳಿ ಬಂದಿದ್ದೇನೆ. ಬೆಳಿಗ್ಗೆ ಆರಕ್ಕೆ ಬಾ ಅಂದಿದ್ದಾಳೆ. ಏಳರ ಮೇಲೆ ಬಂದರೆ ಆಕೆ ಸಿಗುವುದಿಲ್ಲವಂತೆ, ಕುರಿ ಬಿಡೋದಿದೆ.

ಇಂತಿ,
ನಿಮ್ಮವನೇ ಒಬ್ಬ ಸರ್ವೇಯರ್